ಗೇಟ್ ಮುಚ್ಚಿದ್ದು ಫ್ಯಾನಿಗೆ ಗೊತ್ತಾಗಬೇಕಲ್ವಾ

"ನಾನು ಗೇಟ್ ಮುಚ್ಚಿದ್ದು ಫ್ಯಾನಿಗೆ ಗೊತ್ತೇ ಆಗಲ್ಲ ಸಾರ್."

ಈ ಒಂದು ಮಾತು ಈ ವಾರ ಪೂರ್ತಿ ತಲೆಯಲ್ಲಿ ಕೂತುಬಿಟ್ಟಿದೆ. ಹೇಳಿದವರು ಸ್ಯಾಂಡಿಂಗ್ ಮಷೀನ್ ನಡೆಸುವ ಹಿರಿಯ ಆಪರೇಟರ್. ದೂರು ಹೇಳುವ ದನಿ ಅಲ್ಲ, ಸಿಟ್ಟೂ ಇಲ್ಲ. ಹಲಗೆ ಮೇಲಿನ ಪುಡಿಯನ್ನು ಅಂಗೈಯಲ್ಲಿ ಒರೆಸುತ್ತಾ, ಎಲ್ಲರಿಗೂ ಗೊತ್ತಿರುವ ವಿಷಯ ಅನ್ನುವ ಹಾಗೆ ಹೇಳಿ ಮತ್ತೆ ಕೆಲಸಕ್ಕೆ ತಿರುಗಿದರು.

ಅದು ಮರದ ಫರ್ನಿಚರ್ ಮಾಡುವ ಫ್ಯಾಕ್ಟರಿ. ಗರಗಸ, ರೌಟರ್, ಎಡ್ಜ್ ಬ್ಯಾಂಡಿಂಗ್, ಸ್ಯಾಂಡರ್, ಎಲ್ಲದರಿಂದಲೂ ಪುಡಿ ಎಳೆದುಕೊಳ್ಳಲು ಒಂದೇ ದೊಡ್ಡ ಫ್ಯಾನ್ ಇದೆ. ಪ್ರತಿ ಮಷೀನಿನ ಡಕ್ಟಿಗೂ ಒಂದು ಸ್ಲೈಡ್ ಗೇಟ್. ಮಷೀನ್ ನಿಂತಾಗ ಆಪರೇಟರ್ ಆ ಗೇಟ್ ಮುಚ್ಚಬೇಕು, ಕರೆಂಟ್ ಉಳಿಯುತ್ತದೆ ಅಂತ ಗೋಡೆ ಮೇಲೆ ಬೋರ್ಡೇ ಇದೆ. ಬೇರೆಯವರು ಮುಚ್ಚುತ್ತಾರೋ ಬಿಡುತ್ತಾರೋ, ಇವರು ಮಾತ್ರ ತಪ್ಪದೆ ಮುಚ್ಚುತ್ತಾರೆ. ಆ ಫ್ಯಾನಿನ ಡ್ರೈವಿಗೆ, ಅಂದರೆ ಮೋಟಾರಿನ ವೇಗ ಹಿಡಿತದಲ್ಲಿಡುವ ಸಾಧನಕ್ಕೆ, ನೆಟ್‌ವರ್ಕ್ ಅಡಾಪ್ಟರ್ ಹಾಕಿ ಪಿಎಲ್‌ಸಿಗೆ (ಮಷೀನುಗಳನ್ನು ನಡೆಸುವ ಕಂಟ್ರೋಲ್ ಕಂಪ್ಯೂಟರಿಗೆ) ಜೋಡಿಸುವುದು ನನ್ನ ಕೆಲಸವಾಗಿತ್ತು.

ಪ್ಯಾನೆಲ್ ಬಾಗಿಲು ತೆಗೆದರೆ ಒಳಗೆ ಒಳ್ಳೆಯ ಡ್ರೈವೇ ಇದೆ. ಕೀಪ್ಯಾಡಿನಲ್ಲಿ 50 ಹರ್ಟ್ಜ್, ಅಂದರೆ ಪೂರ್ತಿ ವೇಗ, ಅಂತ ತೋರಿಸುತ್ತಿತ್ತು. ಬೆಳಿಗ್ಗೆ ಆನ್ ಮಾಡಿದರೆ 50, ಸಂಜೆ ಆಫ್ ಮಾಡುವವರೆಗೂ 50. ವೇಗ ಏರಿಸಿ ಇಳಿಸಲಿಕ್ಕೆಂದೇ ಇರುವ ಸಾಧನವನ್ನು ಬರೀ ಸ್ಟಾರ್ಟರ್ ಥರ ಬಳಸುತ್ತಿದ್ದರು. ಇಂಥದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಡ್ರೈವ್ ಕೊಳ್ಳುವಾಗ ಕರೆಂಟ್ ಉಳಿಯುತ್ತದೆ ಅಂತ ಹೇಳಿ ದುಡ್ಡು ಮಂಜೂರು ಮಾಡಿಸಿರುತ್ತಾರೆ, ಹಾಕಿಸಿದ ಮೇಲೆ ಅದಕ್ಕೆ ಯಾವ ವೇಗ ಬೇಕು ಅಂತ ಹೇಳುವವರೇ ಇರುವುದಿಲ್ಲ. ಡ್ರೈವ್ ತಾನಾಗಿ ಹೇಗೆ ತಿಳಿದುಕೊಳ್ಳಬೇಕು?

ಆದರೆ ತನ್ನ ಮೋಟಾರಿನ ವಿಷಯ ಅದಕ್ಕೆ ಬಹಳ ಗೊತ್ತು. ಎಷ್ಟು ಆಂಪಿಯರ್ ಎಳೆಯುತ್ತಿದೆ, ಎಷ್ಟು ಕಿಲೋವ್ಯಾಟ್ ಹೋಗುತ್ತಿದೆ, ಎಷ್ಟು ಗಂಟೆ ಓಡಿದೆ, ಇಲ್ಲಿಯವರೆಗೆ ಎಷ್ಟು ಯೂನಿಟ್ ಖರ್ಚಾಗಿದೆ, ಎಲ್ಲ ಒಳಗೆ ರಿಜಿಸ್ಟರುಗಳಲ್ಲಿ ಇರುತ್ತದೆ. ಅದನ್ನು ಹೊರಗೆ ತರುವ ದಾರಿಯೇ ಅಡಾಪ್ಟರ್. ಮಷೀನುಗಳು ತಮ್ಮೊಳಗೆ ಮಾತಾಡುವ ಹಳೆಯ ಭಾಷೆ ಮಾಡ್‌ಬಸ್ ಹುಟ್ಟಿದ್ದು 1979ರಲ್ಲಿ. ಈಗ ಪ್ರೊಫಿನೆಟ್, ಈಥರ್‌ನೆಟ್ ಐಪಿ ಅಂತ ಹತ್ತಾರು ಭಾಷೆಗಳಿವೆ, ಡ್ರೈವಿಗೆ ಬರದ ಭಾಷೆಯನ್ನು ಅಡಾಪ್ಟರ್ ಆಡುತ್ತದೆ, ಅಷ್ಟೇ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಡಬ್ಬಿ. ಪವರ್ ತೆಗೆದು, ಒಳಗಿನ ಕೆಪಾಸಿಟರ್ ಖಾಲಿಯಾಗುವ ತನಕ ಸ್ಟಿಕರಿನಲ್ಲಿ ಬರೆದಷ್ಟು ಹೊತ್ತು ಕಾದು, ಮೀಟರ್ ಇಟ್ಟು ನೋಡಿ, ಮುಂದಿನ ಕವರ್ ತೆಗೆದು ಸ್ಲಾಟಿಗೆ ಒತ್ತಿದರೆ ಟಕ್ ಅಂತ ಕೂರುತ್ತದೆ. ಅರ್ತಿಂಗ್ ಸ್ಕ್ರೂ ಮರೆಯಬಾರದು. ಮರೆತರೆ ನೆಟ್‌ವರ್ಕ್ ಆಗಾಗ ಸತ್ತು ಆಗಾಗ ಎದ್ದು, ಯಾಕೆ ಅಂತ ಹುಡುಕುವುದರಲ್ಲೇ ದಿನ ಹೋಗುತ್ತದೆ.

ಕೆಲಸಕ್ಕೆ ಮೊದಲೇ ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ. "ಈ ಡಬ್ಬಿ ಹಾಕಿದರೆ ಎಷ್ಟು ಪರ್ಸೆಂಟ್ ಉಳಿಯುತ್ತೆ?"

ನನಗಿಂತ ಮುಂಚೆ ಬಂದಿದ್ದ ಒಬ್ಬ ಮಾರಾಟಗಾರ, ಮಷೀನ್ ಕೂಡ ನೋಡದೆ, ಒಂದು ದೊಡ್ಡ ಪರ್ಸೆಂಟ್ ಹೇಳಿ ಹೋಗಿದ್ದನಂತೆ. ಇಂಥವರ ಮೇಲೆ ನನಗೆ ಗೌರವ ಇಲ್ಲ. ಅಡಾಪ್ಟರ್ ಒಂದು ಯೂನಿಟನ್ನೂ ಉಳಿಸುವುದಿಲ್ಲ, ಅದೇ ಒಂದೆರಡು ವ್ಯಾಟ್ ತಿನ್ನುತ್ತದೆ. ಅದು ತರುವ ಸುದ್ದಿಯನ್ನು ಇಟ್ಟುಕೊಂಡು ಯಾರಾದರೂ ಏನಾದರೂ ಮಾಡಿದರೆ ಉಳಿತಾಯ. ಮೊದಲು ಸುಮ್ನೆ ಅಳೆಯೋಣ, ವೇಗ ಮುಟ್ಟುವುದು ಬೇಡ, ಆಮೇಲೆ ಲೆಕ್ಕ ಹೇಳುತ್ತೇನೆ ಅಂದೆ. ಮ್ಯಾನೇಜರಿಗೆ ಅಷ್ಟು ಇಷ್ಟವಾದ ಹಾಗೆ ಕಾಣಲಿಲ್ಲ. ಆದರೂ ಒಪ್ಪಿದರು. ಒಳ್ಳೆಯ ಮನುಷ್ಯ, ಕೇಳಿದ್ದಕ್ಕೆ ಸಮಯ ಕೊಡುತ್ತಾರೆ. ಆದರೆ ಪರದೆ ಮೇಲೆ ಬಂದದ್ದನ್ನು ಮಾತ್ರ ನಂಬುತ್ತಾರೆ.

ಪರದೆ ಮೇಲೆ ಬಂತು. ಅಡಾಪ್ಟರಿನ ದೀಪ ಕೆಂಪಿನಿಂದ ಹಸಿರಿಗೆ ತಿರುಗಿ, ಪಿಎಲ್‌ಸಿ ಆ ರಿಜಿಸ್ಟರುಗಳನ್ನು ಓದಲು ಶುರು ಮಾಡಿದ ಮೇಲೆ ಗ್ರಾಫ್ ಗೆರೆ ಎಳೆಯುತ್ತಾ ಹೋಯಿತು. ಊಟದ ಬ್ರೇಕ್ ಬಂತು. ಗರಗಸ ನಿಂತಿತು, ರೌಟರ್ ನಿಂತಿತು, ಶೆಡ್ಡಿನಲ್ಲಿ ಯಾರೂ ಇಲ್ಲ. ಫ್ಯಾನಿನ ಗೆರೆ ಮಾತ್ರ ಒಂಚೂರು ಬಾಗಿ ಹಾಗೇ ಮಲಗಿತ್ತು. ಗೇಟ್ ಮುಚ್ಚಿದಾಗ ಗಾಳಿ ಕಮ್ಮಿಯಾಗಿ ಲೋಡ್ ಸ್ವಲ್ಪ ಇಳಿಯುತ್ತದೆ ನಿಜ. ಆದರೆ ಮೋಟಾರ್ ಅದೇ ವೇಗದಲ್ಲಿ ಮುಚ್ಚಿದ ಬಾಗಿಲಿಗೆ ತಳ್ಳುತ್ತಲೇ ಇರುತ್ತದೆ.

ಮ್ಯಾನೇಜರ್ ಆ ಗೆರೆ ನೋಡಿ ದಂಗಾದರು. ಸೂಪರ್‌ವೈಸರನ್ನು ಕರೆದರು, ಎಲೆಕ್ಟ್ರಿಷಿಯನ್ನನ್ನು ಕರೆದರು. "ನೋಡ್ರೀ, ಇಷ್ಟು ದಿನ ಯಾರೂ ಹೇಳಲೇ ಇಲ್ಲವಲ್ಲ!"

ಆ ಹಿರಿಯ ಆಪರೇಟರ್ ಹಿಂದೆಯೇ ನಿಂತಿದ್ದರು. ಏನೂ ಮಾತಾಡಲಿಲ್ಲ. ಅವರು ಇದನ್ನೇ ಸೂಪರ್‌ವೈಸರಿಗೆ ಎಷ್ಟೋ ಸಲ ಹೇಳಿದ್ದರು ಅಂತ ಎಲೆಕ್ಟ್ರಿಷಿಯನ್ ಆಗಲೇ ನನಗೆ ಹೇಳಿದ. ಗೇಟ್ ಮುಚ್ಚಿದರೂ ಫ್ಯಾನಿನ ಸದ್ದು ಬದಲಾಗಲ್ಲ, ಹಾಗಾದರೆ ಮುಚ್ಚಿ ಏನು ಬಂತು ಅಂತ. ಕಿವಿಯಲ್ಲೇ ಕಂಡುಹಿಡಿದಿದ್ದರು. ಸೂಪರ್‌ವೈಸರ್ ಕೆಟ್ಟವರೇನಲ್ಲ, ಪ್ರೊಡಕ್ಷನ್ ಟಾರ್ಗೆಟ್ ತಲೆ ಮೇಲಿದ್ದವರಿಗೆ ಫ್ಯಾನಿನ ಸದ್ದು ಕೇಳಲು ಪುರುಸೊತ್ತು ಎಲ್ಲಿ? ಆದರೂ ನನಗೆ ಆ ಗಳಿಗೆ ಸಹಿಸಲಾಗಲಿಲ್ಲ. "ಇವರು ಹೇಳಿದ್ದರು ಸಾರ್, ನನಗೂ ಮೊದಲು ಹೇಳಿದ್ದು ಇವರೇ" ಅಂತ ಎಲ್ಲರ ಮುಂದೆ ಹೇಳಿದೆ. ಮ್ಯಾನೇಜರ್ ತಿರುಗಿ ನೋಡಿದರು. "ಹೌದಾ?" ಅಂದರು. ಅಷ್ಟೇ. ಮತ್ತೆ ಪರದೆ ಕಡೆ ತಿರುಗಿದರು.

ಆ "ಹೌದಾ" ಕೂಡ ಬಿಡದೆ ಕಾಡುತ್ತಿದೆ.

ಇರಲಿ, ವೇಗದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಉಳಿತಾಯ ಇರುವುದು ಅಲ್ಲೇ. ಫ್ಯಾನಿನ ವೇಗ 50ರಿಂದ 40 ಹರ್ಟ್ಜಿಗೆ ಇಳಿಸಿದರೆ ಗಾಳಿ ಶೇಕಡಾ 80ಕ್ಕೆ ಇಳಿಯುತ್ತದೆ, ಆದರೆ ಬೇಕಾಗುವ ಶಕ್ತಿ ಸುಮಾರು ಶೇಕಡಾ 51ಕ್ಕೆ ಇಳಿಯುತ್ತದೆ. ವೇಗದ ಘನಕ್ಕೆ ತಕ್ಕಂತೆ ಶಕ್ತಿ, ಅದು ಪುಸ್ತಕದ ಲೆಕ್ಕ. ನಿಜವಾದ ಡಕ್ಟಿನಲ್ಲಿ ತೆರೆದಿರುವ ಗೇಟಿನ ಹತ್ತಿರ ಎಳೆತ ಕಮ್ಮಿಯಾಗದ ಹಾಗೆ ಒತ್ತಡ ಕಾಯಬೇಕು, ಆದ್ದರಿಂದ ಅಷ್ಟೂ ಸಿಗುವುದಿಲ್ಲ. ಆದರೂ ಸಿಗುವುದು ಸಣ್ಣದಲ್ಲ. ಗೇಟ್ ತೆರೆದಿದೆಯಾ ಮುಚ್ಚಿದೆಯಾ ಅಂತ ತಿಳಿಸಲು ಪ್ರತಿ ಗೇಟಿಗೂ ಒಂದು ಲಿಮಿಟ್ ಸ್ವಿಚ್ ಹಾಕಿದೆವು. ಮುಖ್ಯ ಡಕ್ಟಿಗೆ ಒತ್ತಡ ಅಳೆದು ಹೇಳುವ ಒಂದು ಪ್ರೆಶರ್ ಟ್ರಾನ್ಸ್‌ಮಿಟರ್. ಗೇಟ್ ಮುಚ್ಚಿದರೆ ಒತ್ತಡ ಬದಲಾಗುತ್ತದೆ, ಪಿಎಲ್‌ಸಿ ಹೊಸ ವೇಗ ಲೆಕ್ಕ ಹಾಕಿ ಅಡಾಪ್ಟರ್ ಮೂಲಕ ಡ್ರೈವಿಗೆ ಹೇಳುತ್ತದೆ. ಕೇಳಲು ಇಷ್ಟೇ.

ಆದರೆ ಮರದ ಪುಡಿ ಜೊತೆ ಆಟ ಆಡಬಾರದು. ಡಕ್ಟಿನಲ್ಲಿ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಹರಿಯಬೇಕು, ಇಲ್ಲದಿದ್ದರೆ ಪುಡಿ ಒಳಗೇ ಕೂರುತ್ತದೆ. ಕೂತ ಪುಡಿಗೆ ಒಂದು ಕಿಡಿ ಸಾಕು. ಕರೆಂಟ್ ಉಳಿಸಲು ಹೋಗಿ ಶೆಡ್ಡಿಗೆ ಬೆಂಕಿ ಹಚ್ಚಿದ ಹಾಗೆ ಆಗಬಾರದಲ್ವಾ. ಇದನ್ನು ನಾನು ಎಲೆಕ್ಟ್ರಿಷಿಯನ್ನಿಗೆ ವಿವರಿಸುತ್ತಿದ್ದಾಗ ಆ ಹಿರಿಯರು ಕೆಲಸ ಬಿಟ್ಟು ಹತ್ತಿರ ಬಂದರು.

"ನನ್ನ ಮಷೀನ್ ಒಂದೇ ಓಡುವಾಗ ಅಲ್ಲಿ, ಆ ದೊಡ್ಡ ಬೆಂಡಿನ ಹತ್ತಿರ, ಪುಡಿ ನಿಲ್ಲುತ್ತೆ ಸಾರ್. ಈಗಲೇ ನಿಲ್ಲುತ್ತೆ. ವೇಗ ಇಳಿಸಿದರೆ ಇನ್ನೂ ಜಾಸ್ತಿ."

ಅಂದವರೇ ಒಂದು ಉದ್ದದ ರೀಪು ತಗೊಂಡು ಡಕ್ಟಿಗೆ ತಟ್ಟುತ್ತಾ ಹೋದರು. ಟಣ್, ಟಣ್, ಟಣ್. ಬೆಂಡ್ ದಾಟಿದ ಕೂಡಲೇ ಸದ್ದು ದಪ್ಪ ಆಯಿತು, ದಬ್ ಅಂತ. ಮತ್ತೆರಡು ಅಡಿ ಮುಂದೆ ಹೋದರೆ ಮತ್ತೆ ಟಣ್. ಪುಡಿ ಎಲ್ಲಿಂದ ಎಲ್ಲಿಯವರೆಗೆ ಕೂತಿದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ ತೋರಿಸಿದರು. ಕ್ಲೀನಿಂಗ್ ಬಾಗಿಲು ತೆಗೆದು ಕೈಹಾಕಿ ನೋಡಿದೆವು. ಅವರು ಗುರುತು ಹಾಕಿದ ಕಡೆಯೇ ಪುಡಿ ಇತ್ತು.

ನನ್ನ ಲ್ಯಾಪ್‌ಟಾಪಿನಲ್ಲಿ ಆ ಡಕ್ಟಿನ ಡ್ರಾಯಿಂಗ್ ಇತ್ತು, ವ್ಯಾಸ ಇತ್ತು, ಗಾಳಿಯ ಲೆಕ್ಕ ಇತ್ತು. ದಬ್ ಅನ್ನುವ ಆ ಸದ್ದು ಇರಲಿಲ್ಲ. ಅದರಿಂದ ಪ್ಲಾನ್ ಬದಲಾಯಿತು. ಡಕ್ಟಿನ ತುದಿಯಲ್ಲಿ ಒಂದು ಗೇಟಿಗೆ, ಗಾಳಿಯ ಒತ್ತಡದಿಂದ ಅದನ್ನು ಎಳೆದು ತಳ್ಳುವ ಏರ್ ಸಿಲಿಂಡರ್ ಕೂರಿಸಿದೆವು. ತೆರೆದಿರುವ ಗೇಟುಗಳು ತೀರಾ ಕಮ್ಮಿಯಾದರೆ ಪಿಎಲ್‌ಸಿ ಆ ತುದಿಯ ಗೇಟನ್ನು ತೆರೆದು ಮುಖ್ಯ ಡಕ್ಟಿನಲ್ಲಿ ಗಾಳಿ ಹರಿಯುವ ಹಾಗೆ ನೋಡಿಕೊಳ್ಳುತ್ತದೆ. ಉಳಿತಾಯ ಸ್ವಲ್ಪ ಕಮ್ಮಿಯಾಯಿತು. ಆಗಲಿ. ಎಲ್ಲ ಮಷೀನ್ ನಿಂತಾಗ ಮಾತ್ರ, ಡಕ್ಟ್ ಖಾಲಿಯಾಗುವಷ್ಟು ಹೊತ್ತು ಓಡಿ ಆಮೇಲೆ ಫ್ಯಾನ್ ನಿಲ್ಲಬೇಕು.

ಇನ್ನೊಂದು ವಿಷಯ ಹೇಳಲೇಬೇಕು, ಇದನ್ನು ಬಹಳ ಜನ ನೋಡುವುದೇ ಇಲ್ಲ. ನೆಟ್‌ವರ್ಕ್ ಕೇಬಲ್ ಕಡಿದುಹೋದರೆ ಡ್ರೈವ್ ಏನು ಮಾಡಬೇಕು? ನಿಲ್ಲಬೇಕಾ, ಹಳೆಯ ವೇಗದಲ್ಲೇ ಓಡಬೇಕಾ, ಅಥವಾ ಮೊದಲೇ ಹೇಳಿಟ್ಟ ವೇಗಕ್ಕೆ ಹೋಗಬೇಕಾ? ಕನ್ವೇಯರ್ ಆದರೆ ನಿಲ್ಲಲಿ. ಪುಡಿ ಎಳೆಯುವ ಫ್ಯಾನ್ ಆದರೆ ಪೂರ್ತಿ ವೇಗಕ್ಕೆ ಹೋಗಿ ಅಲಾರ್ಮ್ ಕೊಡಬೇಕು. ಒಂದು ಪ್ಯಾರಾಮೀಟರ್ ಅಷ್ಟೇ, ಆದರೆ ಅದನ್ನು ಯೋಚಿಸಿ ಇಡಬೇಕು. ಇಟ್ಟು, ಕೇಬಲ್ ಕೈಯಾರೆ ಕಿತ್ತು ಪರೀಕ್ಷೆ ಮಾಡಬೇಕು. ನಾವು ಮಾಡಿದೆವು. ಫ್ಯಾನ್ ಏರಿತು, ಅಲಾರ್ಮ್ ಬಂತು.

ಮೊನ್ನೆ ಎಲ್ಲ ಆನ್ ಮಾಡಿದೆವು. ಆ ಹಿರಿಯರು ತಮ್ಮ ಹಲಗೆ ಮುಗಿಸಿ ಎಂದಿನಂತೆ ಗೇಟ್ ಎಳೆದು ಮುಚ್ಚಿದರು. ಕೆಲವೇ ಸೆಕೆಂಡಿಗೆ ಫ್ಯಾನಿನ ಸದ್ದು ಇಳಿಯಿತು. ಶೆಡ್ಡಿನ ಆ ತುದಿಯಲ್ಲಿದ್ದ ನನಗೂ ಕೇಳಿಸಿತು. ಅವರು ಕತ್ತೆತ್ತಿ ಮೇಲೆ ನೋಡಿದರು. ಗೇಟ್ ತೆರೆದರು, ಸದ್ದು ಏರಿತು. ಮುಚ್ಚಿದರು, ಇಳಿಯಿತು. ಮತ್ತೆ ತೆರೆದರು. ನನ್ನ ಕಡೆ ತಿರುಗಿ, "ಈಗ ಗೊತ್ತಾಯ್ತು ಅದಕ್ಕೆ" ಅಂದರು. ಅವರ ಮುಖದಲ್ಲಿ ಆಗ ಕಂಡ ಖುಷಿಗೆ ನಾನು ಇನ್ನೆಷ್ಟು ಡ್ರೈವ್ ಬೇಕಾದರೂ ಜೋಡಿಸಿಕೊಡುತ್ತೇನೆ. ಇಷ್ಟು ಕಾಲ ಯಾವ ಫಲವೂ ಕಾಣದೆ, ಬೋರ್ಡಿನಲ್ಲಿ ಬರೆದಿದೆ ಅಂತ ಮುಚ್ಚುತ್ತಿದ್ದ ಗೇಟು ಅದು.

ಅವತ್ತಿನಿಂದ ಯೋಚಿಸುತ್ತಿದ್ದೇನೆ. ನಮ್ಮ ಕ್ಷೇತ್ರದಲ್ಲಿ ಮಷೀನುಗಳನ್ನು ಮಾತಾಡಿಸಲು ಎಷ್ಟು ಕಷ್ಟಪಟ್ಟಿದ್ದಾರೆ ನೋಡಿ. ಜರ್ಮನಿಯ ಕಾರ್ ಕಂಪನಿಗಳು ಕೇಳಿದ್ದಕ್ಕೆ ಪ್ರೊಫಿಎನರ್ಜಿ ಅಂತಲೇ ಒಂದು ವ್ಯವಸ್ಥೆ ಮಾಡಿದರು. ಬ್ರೇಕ್ ಇಷ್ಟು ಹೊತ್ತು ಇದೆ ಅಂತ ಕಂಟ್ರೋಲರ್ ಹೇಳಿದರೆ, ಅಷ್ಟರೊಳಗೆ ಮಲಗಿ ಏಳಲು ಸಮಯ ಸಾಲುತ್ತಾ ಅಂತ ನೋಡಿಕೊಂಡು ಸಾಧನ ಮಲಗುತ್ತದೆ. ಸಾಲದಿದ್ದರೆ ಎಚ್ಚರವಾಗಿಯೇ ಇರುತ್ತದೆ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ! ಒಂದು ರೋಬೋಟಿಗೆ ಇಷ್ಟು ವಿಚಾರಿಸಿ ಕೇಳುತ್ತೇವೆ. ಅದರ ಪಕ್ಕದಲ್ಲೇ ದಿನವಿಡೀ ನಿಲ್ಲುವ ಮನುಷ್ಯನನ್ನು ಯಾಕೆ ಕೇಳುವುದಿಲ್ಲ? ಎನರ್ಜಿ ಮೀಟಿಂಗಿಗೆ ಮ್ಯಾನೇಜರ್ ಬರುತ್ತಾರೆ, ಫೈನಾನ್ಸ್‌ನವರು ಬರುತ್ತಾರೆ, ನನ್ನಂಥವರು ಹೊರಗಿನಿಂದ ಬರುತ್ತೇವೆ. ಗೇಟ್ ಮುಚ್ಚುವವರು ಬರುವುದಿಲ್ಲ. ಅವರ ಮಾತಿಗೆ ಗ್ರಾಫ್ ಇಲ್ಲ ಅನ್ನುವುದೊಂದೇ ಕಾರಣ. ಅವರ ಮಾತು ಮೊದಲು ಬಂದಿತ್ತು, ಗ್ರಾಫ್ ಆಮೇಲೆ ಬಂತು. ಎರಡೂ ಹೇಳಿದ್ದು ಒಂದೇ.

ಈಗ ಕಂಪ್ರೆಸರ್ ಸರದಿ. ಗಾಳಿ ಬೇಡದಿದ್ದಾಗಲೂ ಅನ್‌ಲೋಡ್ ಆಗಿ ಓಡುತ್ತಲೇ ಇರುವ ಹಳೆಯ ಸ್ಕ್ರೂ ಕಂಪ್ರೆಸರ್. ಅನ್‌ಲೋಡಿನಲ್ಲೂ ಇಂಥವು ಪೂರ್ತಿ ಲೋಡಿನ ಕಾಲು ಭಾಗ, ಕೆಲವೊಮ್ಮೆ ಮೂರನೇ ಒಂದು ಭಾಗ ಕರೆಂಟ್ ಎಳೆಯುತ್ತವೆ. ಪದೇ ಪದೇ ನಿಲ್ಲಿಸಿ ಸ್ಟಾರ್ಟ್ ಮಾಡಿದರೆ ಮೋಟಾರ್ ಬಿಸಿಯಾಗುತ್ತದೆ, ಆದ್ದರಿಂದ ಇದಕ್ಕೆ ಬೇರೆಯೇ ಲೆಕ್ಕ ಬೇಕು. ಸೋಮವಾರದ ಮೀಟಿಂಗಿಗೆ ಯಾರ್ಯಾರು ಬರಬೇಕು ಅಂತ ಮ್ಯಾನೇಜರ್ ಕೇಳಿದ್ದರು. ಎರಡೂ ಶಿಫ್ಟಿನ ಆಪರೇಟರ್‌ಗಳನ್ನು ಕರೆಯಿರಿ, ರಾತ್ರಿ ಯಾವ ಯಾವ ಜಾಯಿಂಟಿನಲ್ಲಿ ಗಾಳಿ ಸೋರುವ ಸದ್ದು ಬರುತ್ತದೆ ಅಂತ ಅವರಿಗೇ ಗೊತ್ತಿರುವುದು, ಆ ಪಟ್ಟಿ ಕೈಗೆ ಬಂದ ಮೇಲೆ ಮೀಟರ್ ಎಲ್ಲಿ ಹಾಕುವುದು ಅಂತ ನೋಡೋಣ ಅಂತ ಬರೆದು ಕಳಿಸಿದ್ದೇನೆ. ಎಲೆಕ್ಟ್ರಿಷಿಯನ್ ಆಗಲೇ ಪಟ್ಟಿ ಶುರು ಮಾಡಿದ್ದಾನಂತೆ.