ಕೋವಿಗೊಂದು ಕನ್ನಡಕ

ಆಟಿ ತಿಂಗಳ ಒಂದು ಭಾನುವಾರ. ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ತೋಟ. ಅಡಿಕೆಗೆ ಎರಡನೇ ಮದ್ದು ಬಿಡಬೇಕಿತ್ತು, ಮಳೆ ಬಿಡಬೇಕಲ್ಲ. ಸುಮ್ನೆ ಕೂತರೆ ನನಗೆ ಕೈ ತುರಿಸುತ್ತದೆ. ಕೊರಿಯರ್‌ನಲ್ಲಿ ಬಂದಿದ್ದ ಸ್ಕೋಪ್‌ನ, ಅಂದರೆ ಗುರಿ ನೋಡಲಿಕ್ಕೆ ಕೋವಿಯ ಮೇಲೆ ಕೂರಿಸುವ ಸಣ್ಣ ದುರ್ಬೀನಿನ, ಡಬ್ಬಿ ಒಂದು ವಾರದಿಂದ ಕಪಾಟಿನಲ್ಲೇ ಇತ್ತು. ಅದನ್ನು ತೆಗೆದುಕೊಂಡು ಅಡಿಕೆ ಸುಲಿಯುವ ಕೊಟ್ಟಿಗೆಗೆ ನಡೆದೆ. ಅಲ್ಲಿ ಒಂದು ಹಳೇ ಬೆಂಚು, ಒಂದು ವೈಸ್, ನಾಲ್ಕು ಅರ, ಒಂದು ಡ್ರಿಲ್ ಇವೆ. ನನ್ನ ವರ್ಕ್‌ಶಾಪ್ ಅಂದರೆ ಅಷ್ಟೇ.

ನನ್ನದು ಏರ್ ರೈಫಲ್. ನಳಿಗೆ ಮಡಚಿ ಸ್ಪ್ರಿಂಗ್ ಬಿಗಿ ಮಾಡುವಂಥದ್ದು, .177 ಇಂಚು ಬೋರ್, ಅಂದರೆ ನಳಿಗೆಯ ತೂತು 4.5 ಮಿ.ಮೀ. 2016ರ ಆಯುಧ ನಿಯಮಗಳ ಪ್ರಕಾರ ಈ ಅಳತೆಯ, ಹೊರಡುವ ಗುಂಡಿನ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಮನೆಯಲ್ಲಿ ಅಪ್ಪನ ಹೆಸರಿನ ಲೈಸೆನ್ಸಿನ ಕೋವಿಯೂ ಉಂಟು. ಚುನಾವಣೆ ಬಂತೆಂದರೆ ಅದನ್ನು ಹೊತ್ತುಕೊಂಡು ಠಾಣೆಗೆ ಹೋಗಿ ಇಟ್ಟು ಬರಬೇಕು. ಅದರ ರಿಪೇರಿಗೆಲ್ಲ ಲೈಸೆನ್ಸ್ ಇದ್ದವರೇ ಆಗಬೇಕು, ನಾನು ಸ್ಕ್ರೂಡ್ರೈವರ್ ಹಿಡಿದು ಅದರ ಹತ್ತಿರ ಸುಳಿಯುವುದಿಲ್ಲ. ಏರ್ ರೈಫಲ್ ನನ್ನ ಆಟದ ಸಾಮಾನು. ಮಂಗಗಳಿಗೂ ಹಕ್ಕಿಗಳಿಗೂ ಅದರಿಂದ ಭಯವಿಲ್ಲ. ಹತ್ತು ಮೀಟರ್ ದೂರದಲ್ಲಿ ಮರಳು ತುಂಬಿದ ಗೋಣಿ, ಅದರ ಮೇಲೊಂದು ಹಳೇ ಮದುವೆ ಕಾಗದ, ಅದರ ಹಿಂದೆ ಮುರಕಲ್ಲಿನ ಗೋಡೆ. ಮದುವೆ ಕಾಗದ ದಪ್ಪ ಇರುತ್ತದೆ, ತೂತು ಚೆಂದ ಬೀಳುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಬರಗಾಲವೂ ಇಲ್ಲ.

ಅಪ್ಪ ಜಗಲಿಯಿಂದಲೇ ಕೇಳಿದರು, "ಕೋವಿಗೆ ಕನ್ನಡಕ ಎಂತಕ್ಕೆ ಮಾರಾಯ? ಕಣ್ಣಿಗೆ ಹಾಕುವುದಲ್ವಾ ಅದು?"

ಅವರ ಮಾತಿನಲ್ಲಿ ತಪ್ಪೇನಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಹತ್ತು ಮೀಟರ್‌ನಲ್ಲಿ, ಸ್ಕೋಪ್ ಇಲ್ಲದೆ. ಆ ಸ್ಪರ್ಧೆಯಲ್ಲಿ ಸ್ಕೋಪ್ ಹಾಕುವ ಹಾಗೇ ಇಲ್ಲ. ಗುರಿ ಹಲಗೆಯ ನಟ್ಟನಡುವಿನ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಆದರೆ ನನಗೆ ನಲವತ್ತೈದು ದಾಟಿದೆ. ನಳಿಗೆಯ ತುದಿಯ ಕಡ್ಡಿ ಕಂಡರೆ ಕಾಗದ ಕಾಣುವುದಿಲ್ಲ, ಕಾಗದ ಕಂಡರೆ ಕಡ್ಡಿ ಕಾಣುವುದಿಲ್ಲ.

ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಮೌಂಟ್ ಕೂರಿಸುವುದು ನೋಡಲಿಕ್ಕೆ ಬಹಳ ಸುಲಭ. ರೈಫಲ್‌ನ ಬೆನ್ನ ಮೇಲೆ ಎರಡು ಉದ್ದದ ಗೀರುಗಳಿವೆ. ಅದಕ್ಕೆ 11 ಮಿ.ಮೀ. ಡವ್‌ಟೈಲ್ ಎನ್ನುತ್ತಾರೆ, ನಾವು ಹಳಿ ಅಂದುಕೊಳ್ಳೋಣ. ಮೌಂಟ್‌ನ ದವಡೆಗಳು ಆ ಹಳಿಯನ್ನು ಎರಡೂ ಕಡೆಯಿಂದ ಕಚ್ಚಬೇಕು. ಮೇಲೆ ಉಂಗುರದಂಥ ಎರಡು ಹಿಡಿಗಳು, ಅದರೊಳಗೆ ಸ್ಕೋಪ್. ಪೇಟೆಯ ಅಂಗಡಿಯಲ್ಲಿ ಅಲೆನ್ ಕೀ ಕೇಳಿದ್ದಕ್ಕೆ "ಸೈಕಲಿಗಾ?" ಅಂದಿದ್ದರು. ಹೌದು ಅಂದಿದ್ದೆ. ವಿವರಿಸಲಿಕ್ಕೆ ಹೋದರೆ ಬಸ್ಸು ತಪ್ಪುತ್ತಿತ್ತು.

ಅರ್ಧ ಗಂಟೆಯಲ್ಲಿ ಎಲ್ಲ ಬಿಗಿಯಾಯಿತು. ಮಳೆ ಸ್ವಲ್ಪ ನಿಂತಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ಕೂತು ಮೊದಲನೇ ಈಡು ಹೊಡೆದೆ. 'ಟಪ್' ಅನ್ನಬೇಕಾದದ್ದು 'ಡಬ್' ಅಂದಿತು! ನಳಿಗೆಯ ಬಾಯಿಂದ ತೆಳು ಹೊಗೆ ಬಂತು. ಅಡಿಗೆಮನೆಯಿಂದ ಅಮ್ಮ, "ಒಗ್ಗರಣೆ ಹಾಕಿದ್ದು ಯಾರು?" ಎಂದು ಕೇಳಿದರು.

ಎಣ್ಣೆ ಸುಟ್ಟ ಪರಿಮಳವೇ ಅದು. ನಮ್ಮ ಕಡೆ ಮಳೆಗಾಲದಲ್ಲಿ ಕಬ್ಬಿಣ ಅಂತ ಇದ್ದದ್ದಕ್ಕೆಲ್ಲ ತುಕ್ಕು. ಅಪ್ಪನ ಹತ್ತಿರ ಅದಕ್ಕೆ ಒಂದೇ ಮದ್ದು, ಮನೆಯ ಕೊಬ್ಬರಿಯ ತೆಂಗಿನೆಣ್ಣೆ. ಕತ್ತಿ, ಕೊಟ್ಟು, ಬಾಗಿಲ ಚಿಲಕ, ಅಮ್ಮನ ಹೊಲಿಗೆ ಮೆಷಿನ್, ಎಲ್ಲಕ್ಕೂ ಅದೇ. ಆಟಿಯ ಮೊದಲ ವಾರವೇ ಏರ್ ರೈಫಲ್‌ಗೂ ಧಾರಾಳವಾಗಿ ಸ್ನಾನ ಮಾಡಿಸಿದ್ದರಂತೆ. ಎಣ್ಣೆ ಒಳಗಿನ ಸಿಲಿಂಡರ್‌ಗೂ ಇಳಿದಿದೆ. ಸ್ಪ್ರಿಂಗ್ ತಳ್ಳಿದ ಪಿಸ್ಟನ್ ಗಾಳಿಯನ್ನು ಒಮ್ಮೆಲೇ ಒತ್ತಿದಾಗ ಗಾಳಿ ಕಾದು ಆ ಎಣ್ಣೆಗೆ ಬೆಂಕಿ ಹತ್ತುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಆಗುವುದೂ ಇದೇ. ಏರ್ ರೈಫಲ್‌ಗೆ ಇದು ಒಳ್ಳೆಯದಲ್ಲ, ಸ್ಪ್ರಿಂಗೂ ಸೀಲೂ ಹಾಳಾಗುತ್ತವೆ. ನಳಿಗೆಗೆ ಒಣ ಬಟ್ಟೆ ಎಳೆದೆಳೆದು ಒರೆಸಿದೆ. ನಾಲ್ಕಾರು ಈಡಾದ ಮೇಲೆ ಒಗ್ಗರಣೆ ನಿಂತಿತು.

ಆದರೆ ಗುಂಡು ಒಂದು ಕಡೆ ನಿಲ್ಲಲಿಲ್ಲ. ಐದು ಹೊಡೆದೆ, ಒಟ್ಟಾಗಿ ಬಿದ್ದವು. ಸ್ಕೋಪ್‌ನ ತಿರುಪು ತಿರುಗಿಸಿ ನಡುವಿಗೆ ತಂದೆ. ಮತ್ತೆ ಐದು ಹೊಡೆದರೆ ಬೇರೆಲ್ಲೋ ಹೋದವು. ತಿರುಪಿನ ಒಂದು ಕ್ಲಿಕ್‌ಗೆ ಹತ್ತು ಮೀಟರ್‌ನಲ್ಲಿ ಗುಂಡು ಸರಿಯುವುದು ಮುಕ್ಕಾಲು ಮಿಲಿಮೀಟರ್‌ನಷ್ಟು. ನಾನು ಇಪ್ಪತ್ತು ಕ್ಲಿಕ್ ಆಚೆ, ಮೂವತ್ತು ಕ್ಲಿಕ್ ಈಚೆ ಅಂತ ಅಟ್ಟಿಸಿಕೊಂಡು ಹೋದೆ. ಮದುಮಗನ ಹೆಸರು ಪೂರ್ತಿ ಹೋಯಿತು, ಮುಹೂರ್ತವೂ ಹೋಯಿತು. ಸ್ಕೋಪ್‌ನವರಿಗೆ ಮನಸ್ಸಿನಲ್ಲೇ ಬೈದೆ. ಆಮೇಲೆ ಸಿಟ್ಟಿನಲ್ಲಿ ಮೌಂಟ್‌ನ ಸ್ಕ್ರೂಗಳನ್ನು ಇನ್ನೂ ಬಿಗಿ ಮಾಡಲಿಕ್ಕೆ ಹೋದೆ. ಒಂದು 'ಕರ್ರ್' ಅಂದು ಸುಮ್ನೆ ತಿರುಗತೊಡಗಿತು. ಪಿರಿ, ಅಂದರೆ ಮೌಂಟ್‌ನ ತೂತಿನೊಳಗಿನ ಸ್ಕ್ರೂ ಗೆರೆ, ಹೋಗಿತ್ತು. ಅಲ್ಯೂಮಿನಿಯಂ ಅಲ್ವಾ, ಉಕ್ಕಿನ ಸ್ಕ್ರೂವಿನ ಎದುರು ಎಷ್ಟು ತಡೆದೀತು. ನಮ್ಮೂರಿನಲ್ಲಿ ಪಿರಿ ಹೋಗುವುದು ತಲೆ ಕೆಟ್ಟ ಮನುಷ್ಯರಿಗೂ ಅನ್ವಯಿಸುವ ಮಾತು. ಆ ಹೊತ್ತಿಗೆ ಎರಡೂ ಅರ್ಥ ಸರಿಯಾಗಿತ್ತು.

ಅಕ್ಕನ ಮಗ ರಜೆಗೆ ಬಂದವನು ಪಕ್ಕದಲ್ಲಿ ಕೂತು ಗುಂಡು ಎಣಿಸುತ್ತಿದ್ದ. "ಮಾವ, ಇದು ಮೊದಲು ಇಲ್ಲಿ ಇತ್ತಲ್ಲ?" ಅಂದ.

ಕಣ್ಣು ಹತ್ತಿರ ತಂದು ನೋಡಿದೆ. ಹಳಿಯ ಮೇಲೆ ಎಣ್ಣೆ ಒಣಗಿ ಹಳದಿ ಅಂಟಿನ ಹಾಗೆ ಪದರ ಕಟ್ಟಿತ್ತು. ಮೌಂಟ್‌ನ ಮುಂದೆ ಒಂದು ಅಕ್ಕಿಕಾಳಿನ ಉದ್ದಕ್ಕೆ ಆ ಪದರ ಇಲ್ಲ. ಅಲ್ಲಿ ಕಬ್ಬಿಣ ಹೊಳೆಯುತ್ತಿತ್ತು. ಹಿಂದಿನ ಅಂಚಿನಲ್ಲಿ ಕೆರೆದ ಎಣ್ಣೆ ಸಣ್ಣ ಬದುವಿನ ಹಾಗೆ ಗುಡ್ಡೆಯಾಗಿತ್ತು. ಸ್ಕೋಪ್ ಮೌಂಟ್ ಸಮೇತ ಹಿಂದಕ್ಕೆ ತೆವಳಿತ್ತು!

ಸ್ಪ್ರಿಂಗ್ ರೈಫಲ್‌ನ ಗುಣವೇ ಇದು. ಮದ್ದಿನ ಕೋವಿ ಹಿಂದಕ್ಕೆ ಮಾತ್ರ ಒದೆಯುತ್ತದೆ. ಇದು ಪಿಸ್ಟನ್ ಮುಂದೆ ಹಾರುವಾಗ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ಹೋಗಿ ಗುದ್ದಿ ನಿಂತ ಕೂಡಲೇ ಮುಂದಕ್ಕೆ ಜಗ್ಗುತ್ತದೆ. ಕುಂಬಳೆ ಬಸ್ಸಿನಲ್ಲಿ ನಿಂತವರನ್ನು ನೆನೆಸಿಕೊಳ್ಳಿ. ಡ್ರೈವರ್ ಬ್ರೇಕ್ ಹಾಕಿ, ಮತ್ತೆ ಒಮ್ಮೆಲೇ ಎಳೆದರೆ ನಿಂತವರು ಹಿಂದಿನವರ ಮೇಲೆ ಬೀಳುತ್ತಾರೆ. ಸ್ಕೋಪ್‌ನ ಪಾಡೂ ಅದೇ, ಅದೂ ಕಣ್ಣು ಮಿಟುಕಿಸುವುದರೊಳಗೆ. ದೊಡ್ಡ ಕೋವಿಗೆಂದೇ ಮಾಡಿದ ಸ್ಕೋಪ್‌ಗಳು ಇದರ ಮೇಲೆ ಹಾಳಾಗುವುದು ಈ ಎರಡು ಕಡೆಯ ಏಟಿಗೇ. ಬಸ್ಸಿನಲ್ಲಾದರೆ ಹಿಡಿದುಕೊಳ್ಳಲಿಕ್ಕೆ ಕಂಬಿ ಉಂಟು. ಇಲ್ಲಿ ಆ ಕಂಬಿಯ ಕೆಲಸಕ್ಕೆ ಮೌಂಟ್‌ನ ಅಡಿಯಲ್ಲಿ ಒಂದು ಸಣ್ಣ ಪಿನ್ ಇರುತ್ತದೆ. ಅದು ಹಳಿಯ ಮೇಲಿನ ತೂತಿಗೆ ಇಳಿಯಬೇಕು. ನಾನು ಆ ಪಿನ್ನನ್ನು, ಇದು ಅಡ್ಡ ಬರುತ್ತದೆ ಅಂತ ಮೇಲಕ್ಕೆ ತಿರುಗಿಸಿ ಇಟ್ಟಿದ್ದೆ. ಹಳಿಯ ತೂತು ಎಣ್ಣೆ, ಧೂಳು ಸೇರಿ ಮುಚ್ಚಿಹೋಗಿತ್ತು. ಸೂಜಿಯಲ್ಲಿ ಕೆರೆದ ಮೇಲೆ ಕಂಡಿತು.

ಎಲ್ಲ ಬಿಚ್ಚಿದೆ. ಬಟ್ಟೆಗೆ ಪೆಟ್ರೋಲ್ ಹಾಕಿ ಹಳಿ, ದವಡೆ, ಸ್ಕ್ರೂ ಎಲ್ಲ ಕೈಗೆ ಜಾರದಷ್ಟು ಒರೆಸಿದೆ. ಪಿನ್ನನ್ನು ಈ ಸಲ ಹಳಿಯ ತೂತಿಗೆ ಇಳಿಸಿದೆ. ಪಿರಿ ಹೋದ ತೂತಿಗೆ ನಟ್ ಬೋಲ್ಟ್ ಹಾಕಿದೆ. ನೋಡಲಿಕ್ಕೆ ಚೆಂದವಿಲ್ಲ, ಹಿಡಿತ ಚೆನ್ನಾಗಿದೆ. ನಳಿಗೆ ಸ್ವಲ್ಪ ಕೆಳಗೆ ನೋಡುವ ಜಾತಿಯದು, ಗುಂಡು ಯಾವಾಗಲೂ ಕೆಳಗೆ ಬೀಳುತ್ತಿತ್ತು. ಅದಕ್ಕೆ ಹಿಂದಿನ ಉಂಗುರದೊಳಗೆ ಸ್ಕೋಪ್‌ನ ಅಡಿಗೆ ಹಳೇ ಫಿಲ್ಮ್ ನೆಗೆಟಿವ್‌ನ ಎರಡು ತುಂಡು ಕೊಟ್ಟೆ. ಉಂಗುರಗಳ ನಡುವೆ ಹತ್ತು ಸೆಂಟಿಮೀಟರ್ ಅಂತರ. ಹಿಂದೆ ಕಾಲು ಮಿಲಿಮೀಟರ್ ಎತ್ತಿದರೆ ಹತ್ತು ಮೀಟರ್‌ನಲ್ಲಿ ಗುಂಡು 25 ಮಿಲಿಮೀಟರ್ ಮೇಲೆ ಹೋಗುತ್ತದೆ. ನೆಗೆಟಿವ್ ಯಾರ ಮದುವೆಯದ್ದೆಂದು ನಾನು ಮನೆಯಲ್ಲಿ ಹೇಳಿಲ್ಲ.

ಸ್ಕೋಪ್‌ನೊಳಗಿನ ಗೆರೆ ನೆಟ್ಟಗಿದೆಯೋ ನೋಡಲು ಮೇಸ್ತ್ರಿಯ ತೂಗುಗುಂಡನ್ನು ಗೋಣಿಯ ಎದುರು ಇಳಿಬಿಟ್ಟೆವು. ಬಿಳಿ ದಾರಕ್ಕೂ ಗೆರೆಗೂ ಹೊಂದಿದ ಮೇಲೆ ಸ್ಕ್ರೂಗಳನ್ನು ಒಂದಾದ ಮೇಲೊಂದು, ಕಾಲು ಕಾಲು ಸುತ್ತು, ಅಲೆನ್ ಕೀಯ ಗಿಡ್ಡ ತುದಿ ಹಿಡಿದು ಎರಡೇ ಬೆರಳಲ್ಲಿ ಬಿಗಿದೆ. ಸಾಯಂಕಾಲ ಐದರ ಹೊತ್ತಿಗೆ ಹತ್ತು ಗುಂಡುಗಳು ಒಂದು ಎಂಟಾಣೆ ನಾಣ್ಯದಷ್ಟು ಜಾಗದೊಳಗೆ ಬಿದ್ದವು. ಅಳಿಯ ಆ ಕಾಗದವನ್ನು ಶಾಲೆಗೆ ಕೊಂಡುಹೋಗುತ್ತೇನೆಂದು ಕಿಸೆಗೆ ಹಾಕಿಕೊಂಡ.

ಮತ್ತೆ ಮಳೆ ಶುರುವಾಯಿತು. ರೈಫಲ್ ಒಳಗಿಟ್ಟು ಕಾಫಿ ಕುಡಿದು ಬಂದೆ. ಜಗಲಿಯಲ್ಲಿ ಅಪ್ಪ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಎಣ್ಣೆಯ ಕುಪ್ಪಿ, ಕೈಯಲ್ಲಿ ಬಟ್ಟೆ ಚೂರು.

"ಅಪ್ಪಾ, ಆ ಹಳಿಗೆ ಮಾತ್ರ ಹಚ್ಚಬೇಡಿ!"

"ಹೆದರಬೇಡ. ನಿನ್ನ ಕನ್ನಡಕದ ಅಡಿಗೆ ನನ್ನ ಬೆರಳು ಹೋಗುವುದಿಲ್ಲ," ಅಂದರು. ಆಮೇಲೆ ಅಳಿಯನ ಕಡೆ ತಿರುಗಿ, "ಒಳಗಿಂದ ಒಂದು ಕೋಳಿಪುಕ್ಕ ತಾ."