ಪೇರ್ ಆಗಿದೆ, ಆದರೆ ಹಾಡು ಬರ್ತಿಲ್ಲ

ಗೋಣಿಕೊಪ್ಪದಲ್ಲಿ ಗಾಡಿಗಳಿಗೆ ಸ್ಟೀರಿಯೊ ಹಾಕುವ ಅಂಗಡಿಯಲ್ಲಿ ನನ್ನ ಕೆಲಸ. ಸೇರಿದ ಹೊಸದರಲ್ಲಿ ಮಾಡಿದ ಒಂದು ಎಡವಟ್ಟು ಹೇಳ್ತೀನಿ.

ಪೊನ್ನಂಪೇಟೆ ಕಡೆಯ ತೋಟದವರೊಬ್ಬರು ಜೀಪ್ ತಂದರು. "ಕಾಲ್ ಬಂದ್ರೆ ಸ್ಪೀಕರಲ್ಲಿ ಚೆನ್ನಾಗಿ ಕೇಳುತ್ತೆ ಮಾರಾಯ, ಹಾಡು ಹಾಕಿದ್ರೆ ಮಾತ್ರ ಫೋನಲ್ಲೇ ಹಾಡುತ್ತೆ" ಅಂದರು. ಸ್ಟೀರಿಯೊ ಸೆಟ್ ಮೇಲೆ ನೋಡಿದರೆ ಫೋನ್ ಬ್ಲೂಟೂತ್‌ನಲ್ಲಿ ಪೇರ್ ಆಗಿ ಕನೆಕ್ಟೆಡ್ ಅಂತಲೇ ಇದೆ. ಸರಿ, ಹೊರಗೆ ಧೋ ಅಂತ ಮಳೆ, ನಾನು ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಡ್ಯಾಶ್‌ಬೋರ್ಡ್ ಬಿಚ್ಚಿ, ಒಂದೊಂದೇ ವೈರ್ ಎಳೆದು ನೋಡಿ, ಮಧ್ಯಾಹ್ನದ ಹೊತ್ತಿಗೆ ಸೆಟ್ಟೇ ಹಾಳಾಗಿದೆ ಅಂತ ಹೇಳಿಬಿಟ್ಟೆ. ಕಾಲ್ ಕೇಳುತ್ತೆ ಅಂದ ಮೇಲೆ ಸ್ಪೀಕರ್ ವೈರ್ ಸರಿಯಿದೆ ಅಂತ ತಾನೇ? ಅಷ್ಟೂ ಹೊಳೆಯಲಿಲ್ಲ.

ಓನರ್ ಬಂದು ತಮ್ಮ ಫೋನ್ ಪೇರ್ ಮಾಡಿದರು. ಹಾಡು ಬಂತು! ಆಮೇಲೆ ಗಿರಾಕಿಯ ಫೋನ್ ತಗೊಂಡು, ಬ್ಲೂಟೂತ್‌ನಲ್ಲಿ ಸೆಟ್ಟಿನ ಹೆಸರಿನ ಪಕ್ಕದ ಗಿಯರ್ ಚಿಹ್ನೆ ಒತ್ತಿದರು. ಫೋನ್ ಕರೆ ಆನ್, ಮೀಡಿಯಾ ಆಡಿಯೊ ಆಫ್. ಮನೆಯವರ ವಾಟ್ಸಾಪ್ ವಿಡಿಯೊಗಳೆಲ್ಲ ಜೀಪಲ್ಲಿ ಕಿರುಚುತ್ತಿದ್ದವಂತೆ, ಅದಕ್ಕೆ ಅವರೇ ಯಾವತ್ತೋ ಆಫ್ ಮಾಡಿ ಮರೆತಿದ್ದರು.

ವಿಷಯ ಇಷ್ಟೇ. ಪೇರ್ ಆಗೋದು ಅಂದರೆ ಬರೀ ಪರಿಚಯ. ಯಾವ ಕೆಲಸ ಮಾಡಬೇಕು ಅನ್ನೋದಕ್ಕೆ ಬೇರೆ ಬೇರೆ ಪ್ರೊಫೈಲ್ ಇವೆ, ಎರಡೂ ಕಡೆ ಅದೇ ಪ್ರೊಫೈಲ್ ಇದ್ದರೆ ಮಾತ್ರ ಕೆಲಸ ನಡೆಯುತ್ತೆ. ಕಾಲ್ ಹೋಗೋದು ಎಚ್‌ಎಫ್‌ಪಿಯಲ್ಲಿ, ಹಾಡು ಎ2ಡಿಪಿಯಲ್ಲಿ. ಸೆಟ್ಟಿನ ಬಟನ್‌ನಿಂದ ಮುಂದಿನ ಹಾಡಿಗೆ ಹೋಗೋಕೆ ಎವಿಆರ್‌ಸಿಪಿ, ಕಾಂಟ್ಯಾಕ್ಟ್ ಹೆಸರು ತೋರಿಸೋಕೆ ಪಿಬಿಎಪಿ. ಕಾಲ್‌ನಲ್ಲಿ ಮಾತು ಎರಡೂ ಕಡೆ ಹರಿಯಬೇಕು, ಅದಕ್ಕೆ ಎಚ್‌ಎಫ್‌ಪಿ ದನಿಯನ್ನು ಮೋನೊದಲ್ಲಿ (ಎಡ-ಬಲ ಬೇರೆ ಮಾಡದೆ ಒಂದೇ ದನಿಯಾಗಿ), ಗುಣಮಟ್ಟ ಇಳಿಸಿ ಕಳಿಸುತ್ತೆ. ಹೆಡ್‌ಸೆಟ್ ಹಾಕಿಕೊಂಡು ಮೈಕ್ ಆನ್ ಆದ ತಕ್ಷಣ ಹಾಡೂ ಎಚ್‌ಎಫ್‌ಪಿಗೆ ಬದಲಾಗಿ ಡಬ್ಬದೊಳಗಿಂದ ಬಂದ ಹಾಗೆ ಕೇಳೋದು ಸಾಮಾನ್ಯವಾಗಿ ಇದಕ್ಕೇ. ಎಷ್ಟು ಜನ ಒಳ್ಳೆ ಹೆಡ್‌ಸೆಟ್ಟನ್ನು ಸುಮ್ನೆ ವಾಪಸ್ ತಂದಿದ್ದಾರೋ!

ಈ ಪಾಠ ಆಮೇಲೆ ಒಂದು ಹೋಂಸ್ಟೇಯಲ್ಲಿ ಉಪಯೋಗಕ್ಕೆ ಬಂತು. ಅವರ ಪುಟ್ಟ ಬಿಲ್ ಪ್ರಿಂಟರ್ ಅಣ್ಣನ ಆಂಡ್ರಾಯ್ಡ್‌ನಲ್ಲಿ ಓಡುತ್ತೆ, ತಂಗಿಯ ಐಫೋನ್‌ನಲ್ಲಿ ಇಲ್ಲ. ಪ್ರಿಂಟರ್ ಹಳೇ ಎಸ್‌ಪಿಪಿ ಪ್ರೊಫೈಲ್‌ನದು, ಅಂದರೆ ಕೇಬಲ್ ಬದಲು ಬ್ಲೂಟೂತ್‌ನಲ್ಲಿ ಡೇಟಾ ಕಳಿಸೋದು. ಆಪಲ್ ಒಪ್ಪಿಗೆ ಇಲ್ಲದ ಇಂಥ ಸಾಧನಕ್ಕೆ ಐಫೋನ್ ದಾರಿ ಬಿಡಲ್ಲ, ಬಿಎಲ್‌ಇ (ಕಡಿಮೆ ಕರೆಂಟ್ ತಿನ್ನುವ ಬ್ಲೂಟೂತ್) ಇರುವ ಪ್ರಿಂಟರ್ ಆದರೆ ಆಗುತ್ತೆ. ಐದು ನಿಮಿಷದಲ್ಲಿ ಹೇಳಿ, ಕಾಫಿ ಕುಡಿದು ಬಂದೆ.

ಜೀಪಿನವರ ಹತ್ತಿರ ಮಾತ್ರ ಅವತ್ತು ಕೂಲಿ ಕೇಳೋಕೆ ಬಾಯಿ ಬರಲಿಲ್ಲ. ಬಿಚ್ಚಿದ ಡ್ಯಾಶ್‌ಬೋರ್ಡ್ ಮತ್ತೆ ಕೂರಿಸೋಕೇ ಸಂಜೆ ಆಯ್ತು.