ಟಕ್ ಟಕ್

ಹಾಂಗ್‌ಕಾಂಗ್‌ನಿಂದ ಬುಧವಾರ ವಾಪಸಾದೆ. ಸೂಟ್‌ಕೇಸ್ ಇನ್ನೂ ಬಿಚ್ಚಿಲ್ಲ. ಆ ಅಜ್ಜನ ಎರಡು ಬೆರಳುಗಳು ಮಾತ್ರ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಕಳೆದ ಭಾನುವಾರ ಮಗಳು ಷುಂಗ್ ವಾನ್ ಕಡೆಯ ಹಳೆಯ ಡಿಮ್ ಸಮ್ (ಚಹಾದ ಜೊತೆ ತಿನ್ನುವ ಸಣ್ಣಪುಟ್ಟ ತಿಂಡಿಗಳು) ಹೋಟೆಲಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿಯವರು ಅದನ್ನು ‘ಯಮ್ ಚಾ’, ಅಂದರೆ ಚಹಾ ಕುಡಿಯುವುದು ಎನ್ನುತ್ತಾರೆ. ನಾವು ಕಾಫಿಗೆ ಬನ್ನಿ ಎಂದು ಕರೆದು ಉಪ್ಪಿಟ್ಟು, ಕೇಸರಿಭಾತ್ ಬಡಿಸುವುದಿಲ್ಲವೇ, ಹಾಗೆ.

ಜಾಗ ಹಿಡಿಯುವ ಕ್ರಮ ಮದುವೆಮನೆಯ ಮೂರನೇ ಪಂಕ್ತಿಯದೇ: ಮುಗಿಸುತ್ತ ಬಂದವರ ಕುರ್ಚಿಯ ಹಿಂದೆ ಹೋಗಿ ನಿಲ್ಲಬೇಕು. ದುಂಡು ಮೇಜಿನ ಸುತ್ತ ಗುರುತಿಲ್ಲದವರ ನಡುವೆ ತೂರಿಕೊಂಡೆವು. ಕುಳಿತವಳೇ ಮಗಳು ಕಪ್ಪು, ಚಮಚ, ಕಡ್ಡಿಗಳನ್ನೆಲ್ಲ ಬಿಸಿ ಚಹಾದಲ್ಲಿ ತೊಳೆದು, ಆ ನೀರನ್ನು ದೊಡ್ಡ ಬಟ್ಟಲಿಗೆ ಸುರಿದಳು. ಸುತ್ತಲಿನವರೂ ಅದನ್ನೇ ಮಾಡುತ್ತಿದ್ದರು. ನಮ್ಮತ್ತೆ ಇದ್ದಿದ್ದರೆ ಈ ಊರಿಗೆ ನೂರಕ್ಕೆ ನೂರು ಕೊಡುತ್ತಿದ್ದರು.

ತಿನ್ನುವ ವಿಷಯದಲ್ಲಿ ನನ್ನಂಥ ಸಸ್ಯಾಹಾರಿಗೆ ಕಷ್ಟ. ತಳ್ಳುಗಾಡಿಯಲ್ಲಿ ಬಿದಿರಿನ ಬುಟ್ಟಿಗಳು ಹಬೆಯಾಡುತ್ತ ಬಂದವು. ಒಂದರಲ್ಲಿ ಸೀಗಡಿ, ಒಂದರಲ್ಲಿ ಹಂದಿಮಾಂಸ, ಒಂದರಲ್ಲಿ ಕೋಳಿಯ ಪಾದ. ಮೂಲಂಗಿಯದೆಂದು ಆಸೆಪಟ್ಟ ಕೇಕಿನಲ್ಲೂ ಒಣ ಸೀಗಡಿ. ಕೊನೆಗೆ ಎಳ್ಳು ಮೆತ್ತಿ ಕರಿದ ಉಂಡೆ ಸಿಕ್ಕಿತು. ಕಚ್ಚಿದರೆ ಒಳಗೆ ಕೆಂಪು ಕಾಳಿನ ಸಿಹಿ ಹೂರಣ. ನಮ್ಮ ಸುಕ್ಕಿನುಂಡೆಯ ದಾಯಾದಿ. ಯಾವುದರಲ್ಲಿ ಕರಿದದ್ದೆಂದು ನಾನು ಕೇಳಲಿಲ್ಲ, ಮಗಳೂ ಹೇಳಲಿಲ್ಲ.

ಎದುರಿಗೆ ಎಂಬತ್ತರ ಆಸುಪಾಸಿನ ಅಜ್ಜ. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಓದುತ್ತಿದ್ದರು. ಅವರ ಚಹಾ ಪಾತ್ರೆಯ ಮುಚ್ಚಳ ಓರೆಯಾಗಿತ್ತು. ಬಿಸಿನೀರು ತನ್ನಿ ಎನ್ನುವುದಕ್ಕೆ ಅದು ಸನ್ನೆಯಂತೆ. ಯಾರೂ ತರಲಿಲ್ಲ. ಎದುರಿಗೆ ಕೂತವರ ಕಪ್ಪು ಖಾಲಿ ಇದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ನಮ್ಮ ಪಾತ್ರೆಯಿಂದ ಬಗ್ಗಿಸಿದೆ. ಅಜ್ಜ ತಲೆ ಎತ್ತದೆ ತೋರುಬೆರಳು, ನಡುಬೆರಳು ಮಡಚಿ ಮೇಜಿನ ಮೇಲೆ ತಟ್ಟಿದರು. ಟಕ್ ಟಕ್.

ಇನ್ನೂ ಬೇಕೇನೋ ಎಂದು ಮತ್ತಷ್ಟು ಹಾಕಿದೆ. ಟಕ್ ಟಕ್. ಎಷ್ಟು ಸೊಕ್ಕು ಈ ಮುದುಕನಿಗೆ, ನಾನೇನು ಇಲ್ಲಿಯ ಸಪ್ಲೈಯರೇ ಎಂದು ಮನಸ್ಸಿನಲ್ಲೇ ಬೈದುಕೊಂಡು ಅಂಚಿನವರೆಗೆ ತುಂಬಿಸಿದೆ. ಮತ್ತೆ ಟಕ್ ಟಕ್.

ಮಗಳು ಮೇಜಿನಡಿ ನನ್ನ ತೊಡೆ ಚಿವುಟಿದಳು. “ಅಮ್ಮಾ, ಸಾಕು ಮಾಡು. ಅವರು ಕೇಳುತ್ತಿಲ್ಲ, ಥ್ಯಾಂಕ್ಸ್ ಹೇಳುತ್ತಿದ್ದಾರೆ.”

ಎತ್ತಿದರೆ ಚೆಲ್ಲುವಷ್ಟು ತುಂಬಿತ್ತು ಕಪ್ಪು. ಅಜ್ಜ ಪತ್ರಿಕೆ ಪಕ್ಕಕ್ಕಿಟ್ಟರು, ಕನ್ನಡಕ ತೆಗೆದರು, ಕೈ ಹಚ್ಚದೆ ಮೇಜಿನ ಮೇಲೆಯೇ ಬಗ್ಗಿ ಒಂದು ಗುಟುಕು ಹೀರಿದರು. ಆಮೇಲೆ ನನ್ನನ್ನು ನೋಡಿ ಮತ್ತೊಮ್ಮೆ ತಟ್ಟಿದರು, ಈ ಸಲ ನಿಧಾನವಾಗಿ.

ಹಿಂದಿರುಗುವಾಗ ಎಂಟಿಆರ್‌ನಲ್ಲಿ (ಅಲ್ಲಿ ಅದು ಮೆಟ್ರೊ ರೈಲು, ದೋಸೆ ಸಿಗುವುದಿಲ್ಲ) ಮಗಳು ಕಥೆ ಹೇಳಿದಳು. 18ನೇ ಶತಮಾನದ ಚೀನಾದ ಚಿಯಾನ್‌ಲಾಂಗ್ ಚಕ್ರವರ್ತಿ ಮಾರುವೇಷದಲ್ಲಿ ದಕ್ಷಿಣದ ಕಡೆ ಹೋಗಿದ್ದಾಗ ಸೇವಕನಿಗೆ ತಾನೇ ಚಹಾ ಬಗ್ಗಿಸಿದನಂತೆ. ಅಡ್ಡಬಿದ್ದರೆ ಗುಟ್ಟು ರಟ್ಟಾಗುತ್ತದೆಂದು ಸೇವಕ ಬೆರಳುಗಳನ್ನೇ ಮಂಡಿಯಂತೆ ಮಡಚಿ ಮೇಜಿನ ಮೇಲೆ ನಮಸ್ಕರಿಸಿದನಂತೆ. ಜೊತೆಗೆ, ಚಹಾವನ್ನು ಅಂಚಿನವರೆಗೆ ತುಂಬಿಸಿದರೆ ಅತಿಥಿಗೆ ಅವಮಾನ ಮಾಡಿದಂತೆ ಎಂದೂ ಹೇಳಿದಳು. ಇದನ್ನು ಮೊದಲೇ ಹೇಳಬಾರದಿತ್ತೇ? ನನ್ನ ಪೆದ್ದುತನ ನೋಡಿ ಖುಷಿಪಡುವ ಬುದ್ಧಿ ಅವಳಿಗೆ ಅಪ್ಪನಿಂದ ಬಂದದ್ದು.

ನನ್ನದಾದರೂ ಏನು ತಪ್ಪು? ನಮ್ಮ ಮನೆಯಲ್ಲಿ ತಟ್ಟುವುದೆಂದರೆ ‘ತಾ’ ಎಂದೇ ಅರ್ಥ. ಮಾವನವರು ಎಲೆಯ ಮುಂದೆ ಲೋಟ ಕುಟ್ಟಿದರೆ ಮಜ್ಜಿಗೆ, ಯಜಮಾನರು ಮೇಜಿಗೆ ಕುಟ್ಟಿದರೆ ಎರಡನೇ ಕಾಫಿ. ಮೂವತ್ತೊಂದು ವರ್ಷ ಆ ಸದ್ದಿಗೆ ಎದ್ದಿದ್ದೇನೆ. ಅವರು ಕೆಟ್ಟವರಲ್ಲ, ಕುಟ್ಟುವವರು ಅಷ್ಟೆ. ಉಪ್ಪು ಕಡಿಮೆಯಾದರೆ ಕೂಡಲೇ ಹೇಳುತ್ತಾರೆ. ಸರಿಯಾಗಿದ್ದರೆ ಇನ್ನೊಮ್ಮೆ ಹಾಕಿಸಿಕೊಳ್ಳುತ್ತಾರೆ, ಅದನ್ನೇ ನಾವು ಮೆಚ್ಚುಗೆಯೆಂದು ತಿಳಿಯಬೇಕು. ‘ಧನ್ಯವಾದ’ವಂತೂ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡ ಮೇಲೆ ಹೇಳುವ ಮಾತು.

ನಿನ್ನೆ ಬೆಳಿಗ್ಗೆ ಪತ್ರಿಕೆಯ ಹಿಂದಿನಿಂದ ಲೋಟದ ಸದ್ದು ಬಂತು. ಟಕ್ ಟಕ್.

“ಅಯ್ಯೋ, ಅದಕ್ಕೇನಂತೆ, ಇರಲಿ ಬಿಡಿ” ಎಂದು ನನ್ನ ಕಾಫಿ ಕುಡಿಯುತ್ತ ಕೂತೆ.